ಟೈಗರ್ ಮಾತ್ ಕಿಟ್ ಜೋಡಿಸುವುದು: ಮೇಲಿನ ರೆಕ್ಕೆ ಸೊಟ್ಟಗಾಗದಂತೆ, ತಂತಿ ಜೋತು ಬೀಳದಂತೆ

ನನಗೆ ಬರುವ ಫೋಟೋಗಳೆಲ್ಲ ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಮೇಜಿನ ಮೇಲೆ ಟೈಗರ್ ಮಾತ್, ಅಂದರೆ ಒಂದರ ಮೇಲೊಂದು ಎರಡು ರೆಕ್ಕೆಯ ಹಳೇ ಬ್ರಿಟಿಷ್ ತರಬೇತಿ ವಿಮಾನದ ಪ್ಲಾಸ್ಟಿಕ್ ಮಾಡೆಲ್, ನಿಂತಿದೆ. ಬಣ್ಣ ಪರವಾಗಿಲ್ಲ. ಆದರೆ ಮೇಲಿನ ರೆಕ್ಕೆ ಒಂದು ಕಡೆಗೆ ವಾಲಿದೆ. ಎರಡು ರೆಕ್ಕೆಗಳ ನಡುವೆ ಬ್ರಷ್ ಹೋಗದ ಜಾಗದಲ್ಲಿ ಪ್ಲಾಸ್ಟಿಕ್ ಹಾಗೇ ಕಾಣುತ್ತಿದೆ. ತಂತಿಗಳು ಬಟ್ಟೆ ಒಣಹಾಕುವ ಹಗ್ಗದ ಹಾಗೆ ಜೋತು ಬಿದ್ದಿವೆ. ಕೆಳಗೊಂದು ಸಾಲು: "ಎಲ್ಲಿ ತಪ್ಪಾಯ್ತು?"

ಬಹುಪಾಲು ಸಲ ತಪ್ಪಾಗಿರುವುದು ಕೆಲಸದ ಕ್ರಮದಲ್ಲಿ. ಕಿಟ್ ಜೊತೆ ಬರುವ ಹಾಳೆಯಲ್ಲಿ ಮೊದಲು ಜೋಡಣೆಯ ಚಿತ್ರಗಳು, ಅದೆಲ್ಲ ಮುಗಿದ ಮೇಲೆ ಬಣ್ಣದ ಪುಟ. ನಾವು ಪುಟದ ಕ್ರಮವನ್ನೇ ಕೆಲಸದ ಕ್ರಮ ಅಂದುಕೊಳ್ಳುತ್ತೇವೆ. ಒಂದೇ ರೆಕ್ಕೆಯ ವಿಮಾನಕ್ಕೆ ಅದು ನಡೆಯುತ್ತದೆ. ಎರಡು ಅಂತಸ್ತಿನ ರೆಕ್ಕೆಗೆ ನಡೆಯಲ್ಲ. ಇಲ್ಲಿ ತೂತು ಮೊದಲು, ಬಣ್ಣ ಮತ್ತು ಡೀಕಾಲ್ (ನೀರಲ್ಲಿ ನೆನೆಸಿ ಅಂಟಿಸುವ ಗುರುತಿನ ಚಿತ್ರ) ಆಮೇಲೆ, ಮೇಲಿನ ರೆಕ್ಕೆ ಅದಾದ ಮೇಲೆ, ತಂತಿ ಕೊನೆಗೆ. ಈ ಸಾಲನ್ನು ಒಂದು ಚೀಟಿಯಲ್ಲಿ ಬರೆದು ಮೇಜಿನ ಮುಂದೆ ಅಂಟಿಸಿಕೊಳ್ಳಿ.

ಯಾವ ಅಳತೆಯ ಕಿಟ್?

ನಿಜವಾದ ಟೈಗರ್ ಮಾತ್‌ನ ರೆಕ್ಕೆ ತುದಿಯಿಂದ ತುದಿಗೆ 8.94 ಮೀಟರ್, ಉದ್ದ 7.29 ಮೀಟರ್. 1/72 ಅಳತೆಯಲ್ಲಿ ರೆಕ್ಕೆ ಸುಮಾರು 124 ಮಿ.ಮೀ. ಆಗುತ್ತದೆ, ಉದ್ದ 101 ಮಿ.ಮೀ. ಅಂಗೈ ಮೇಲೆ ಕೂರುವಷ್ಟು. 1/48ರಲ್ಲಿ ರೆಕ್ಕೆ 186 ಮಿ.ಮೀ., ಉದ್ದ 152 ಮಿ.ಮೀ.

ಏರ್‌ಫಿಕ್ಸ್ ಕಂಪನಿ ಎರಡೂ ಅಳತೆಯಲ್ಲಿ ಕಿಟ್ ತಂದಿದೆ. ಎರಡು ರೆಕ್ಕೆಯ ವಿಮಾನ ಇದೇ ಮೊದಲ ಸಲ ಮಾಡುತ್ತಿದ್ದರೆ, ಜೇಬು ಒಪ್ಪಿದರೆ, 1/48 ತೆಗೆದುಕೊಳ್ಳಿ. 1/72ರಲ್ಲಿ ಮೇಲಿನ ರೆಕ್ಕೆಯನ್ನು ಹೊರುವ ಕಂಬಗಳು ಬೆಂಕಿಕಡ್ಡಿಗಿಂತ ಸಣ್ಣ. ಸ್ಪ್ರೂನಿಂದ (ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟು) ಬಿಡಿಸುವಾಗಲೇ ಮುರಿಯುತ್ತವೆ.

ಯಾರದೋ ಅಟ್ಟದಿಂದ ಇಳಿದ ಹಳೇ ಪೆಟ್ಟಿಗೆ ಕೊಳ್ಳುವ ಮುಂಚೆ ಒಂದು ಮಾತು. 1/72ರಲ್ಲಿ 1950ರ ದಶಕದ ಅಚ್ಚೂ ಇದೆ, 2014ರ ಹೊಸ ಅಚ್ಚೂ ಇದೆ. ಹಳೆಯದು ನೆನಪಿಗೆ ಚೆಂದ, ಕಲಿಯೋದಕ್ಕೆ ಬೇಡ.

ಮೇಜಿನ ಮೇಲೆ ಏನೇನಿರಬೇಕು

ಸ್ಪ್ರೂ ಕತ್ತರಿಸಲು ಚಪ್ಪಟೆ ಬಾಯಿಯ ನಿಪ್ಪರ್, ಚೂಪು ಬ್ಲೇಡಿನ ಕ್ರಾಫ್ಟ್ ಚಾಕು, 400, 800 ಮತ್ತು 1200 ನಂಬರಿನ ಉಪ್ಪುಕಾಗದ, ಚೂಪು ತುದಿಯ ಚಿಮಟ ಎರಡು. ಇವು ಎಲ್ಲ ಕಿಟ್‌ಗೂ ಬೇಕು.

ಈ ಕಿಟ್‌ಗೆ ಅಂತಲೇ ಬೇಕಾದವು ಮೂರು. ಒಂದು, ಕೈಯಲ್ಲಿ ತಿರುಗಿಸುವ ಪಿನ್ ವೈಸ್, ಜೊತೆಗೆ 0.3 ಮಿ.ಮೀ. ಮತ್ತು 0.4 ಮಿ.ಮೀ. ಡ್ರಿಲ್ ಕಡ್ಡಿಗಳು. ಡ್ರಿಲ್ ಕಡ್ಡಿ ನಾಲ್ಕೈದು ತರಿಸಿಕೊಳ್ಳಿ, ಒಂದೆರಡು ಮುರಿದೇ ಮುರಿಯುತ್ತವೆ. ಎರಡು, ಕಂಪಾಸ್ ಪೆಟ್ಟಿಗೆಯಲ್ಲಿ ಎರಡೂ ಕಡೆ ಮುಳ್ಳಿರುವ ಡಿವೈಡರ್. ಮೂರು, ತಂತಿಗೆ ಲೈಕ್ರಾ ಎಲಾಸ್ಟಿಕ್ ಎಳೆ. ಮಣಿ ಪೋಣಿಸುವ ಎಲಾಸ್ಟಿಕ್ ದಾರ ತರಬೇಡಿ, ಅದು ಈ ಅಳತೆಗೆ ಹಗ್ಗದಂತೆ ಕಾಣುತ್ತದೆ.

ಅಂಟು ಮೂರು ಥರ ಬೇಕು. ಪ್ಲಾಸ್ಟಿಕ್ ಕರಗಿಸಿ ಬೆಸೆಯುವ ನೀರಿನಂಥ ತೆಳು ಸಿಮೆಂಟ್, ಚುಕ್ಕಿ ಲೆಕ್ಕದಲ್ಲಿ ಬಳಸುವ ಸೂಪರ್ ಗ್ಲೂ, ಗಾಜಿನ ಭಾಗಕ್ಕೆ ಫೆವಿಕಾಲ್. ನಿಧಾನಕ್ಕೆ ಒಣಗುವ ದಪ್ಪ ಸಿಮೆಂಟ್ ಕೂಡ ಒಂದು ಬಾಟಲಿ ಇದ್ದರೆ ಕಂಬ ನಿಲ್ಲಿಸುವಾಗ ನನ್ನನ್ನು ನೆನೆಸಿಕೊಳ್ಳುತ್ತೀರಿ.

ಬಣ್ಣ ತೆಳು ಮಾಡಲು ಹಾರ್ಡ್‌ವೇರ್ ಅಂಗಡಿಯ ಎನ್‌ಸಿ ಥಿನ್ನರ್ ಬಳಸಬೇಡಿ. ಬೀರುವಿಗೆ, ಗೇಟಿಗೆ ಹೊಡೆಯುವ ಬಣ್ಣದ್ದು ಅದು. ಪ್ಲಾಸ್ಟಿಕ್ ಮೈಯನ್ನೇ ತಿಂದುಬಿಡುತ್ತದೆ. ಇನಾಮೆಲ್ ಬಣ್ಣಕ್ಕೆ ಟರ್ಪಂಟೈನ್ ಸಾಕು, ಅಕ್ರಿಲಿಕ್‌ಗೆ ಅದೇ ಕಂಪನಿಯ ಥಿನ್ನರ್ ಕ್ಷೇಮ.

ಕೊನೆಗೆ, ಅಂಚಿರುವ ಒಂದು ಸ್ಟೀಲ್ ತಟ್ಟೆ. ಸಣ್ಣ ಭಾಗಗಳನ್ನು ಅದರೊಳಗೇ ಕತ್ತರಿಸಿ. ಮೇಲೆ ಫ್ಯಾನ್ ತಿರುಗುತ್ತಿದ್ದರೆ ಆರಿಸಿ. ಸೆಖೆ ಅಂತೀರಾ? ಸೆಖೆ ತಡೆದುಕೊಳ್ಳಬಹುದು, ಮಂಚದ ಕೆಳಗೆ ಹೋದ ಪಿಟೋಟ್ ಕೊಳವೆ (ವಿಮಾನದ ವೇಗ ಅಳೆಯುವ ಸಣ್ಣ ನಳಿಗೆ) ಮಾತ್ರ ಸಿಗಲ್ಲ.

1. ಕತ್ತರಿಸುವ ಮುಂಚೆ: ಯಾವ ವಿಮಾನ ಅಂತ ತೀರ್ಮಾನಿಸಿ

ಪೆಟ್ಟಿಗೆಯಲ್ಲಿ ಒಂದಕ್ಕಿಂತ ಹೆಚ್ಚು ವಿಮಾನದ ಗುರುತುಗಳಿದ್ದರೆ ಯಾವುದನ್ನು ಮಾಡುತ್ತೀರಿ ಅಂತ ಈಗಲೇ ಆರಿಸಿ. ಆಮೇಲೆ ನೋಡೋಣ ಅಂದರೆ ಕೆಡುತ್ತದೆ. ಕಾರಣ, ಬಾಲದ ಅಡ್ಡರೆಕ್ಕೆಯ ಮುಂದೆ ಮೈಗೆ ಹತ್ತಿಕೊಂಡು ಉದ್ದನೆಯ ಪಟ್ಟಿಗಳು ಕೆಲವು ವಿಮಾನಗಳಲ್ಲಿವೆ, ಕೆಲವದರಲ್ಲಿಲ್ಲ. ಬುಗುರಿಯಂತೆ ಸುತ್ತಿ ಬೀಳುವಾಗ ವಿಮಾನ ಚೇತರಿಸಿಕೊಳ್ಳಲಿ ಅಂತ ಎರಡನೇ ಮಹಾಯುದ್ಧದ ನಡುವೆ ಸೇರಿಸಿದ ಪಟ್ಟಿ ಅದು. 1940ರ ವಿಮಾನಕ್ಕೆ ಅದನ್ನು ಅಂಟಿಸಿದರೆ ತಿಳಿದವರು ಮೊದಲು ಅಲ್ಲೇ ಬೆರಳಿಡುತ್ತಾರೆ.

ವೃತ್ತದ ಗುರುತುಗಳೂ ಅಷ್ಟೇ. ಮೈಯ ಪಕ್ಕದಲ್ಲಿ ದಪ್ಪ ಹಳದಿ ಬಳೆ ಇರುವ ವೃತ್ತ 1942ರ ಮಧ್ಯದವರೆಗಿನದು. ಅದಾದ ಮೇಲೆ ಹಳದಿ, ಬಿಳಿ ಎರಡೂ ಬಳೆಗಳು ತೆಳುವಾದವು. ಎರಡನ್ನೂ ಬೆರೆಸಬೇಡಿ.

ಭಾರತದ ಗುರುತು ಹಾಕುವ ಆಸೆ ಹಲವರಿಗಿದೆ. ಬೆಂಗಳೂರಿನ ಎಚ್‌ಎಎಲ್‌ನ ಎಚ್‌ಟಿ-2 ತರಬೇತಿ ವಿಮಾನ ಬರುವವರೆಗೆ ನಮ್ಮ ವಾಯುಪಡೆಯ ಹುಡುಗರೂ ಟೈಗರ್ ಮಾತ್‌ನಲ್ಲೇ ಕಲಿತವರು. ಆದರೆ ಅದಕ್ಕೆ ಡೀಕಾಲ್ ಬೇರೆ ಹುಡುಕಬೇಕು. ಮೊದಲ ಕಿಟ್‌ಗೆ ಪೆಟ್ಟಿಗೆಯಲ್ಲಿ ಬಂದದ್ದೇ ಸಾಕು.

ಆಮೇಲೆ ಸ್ಪ್ರೂಗಳನ್ನು ಉಗುರು ಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ಸೋಪು ಹಾಕಿ ತೊಳೆಯಿರಿ. ಅಚ್ಚಿನಿಂದ ಬಂದ ಜಿಡ್ಡು ಹೋಗದಿದ್ದರೆ ಬಣ್ಣ ಹಿಡಿಯಲ್ಲ.

2. ತೂತುಗಳು

ತಂತಿ ಕೂರುವ ತೂತುಗಳನ್ನು ಈಗಲೇ ಕೊರೆಯಿರಿ. ಬಣ್ಣ ಆದ ಮೇಲೆ ಕೊರೆದರೆ ಸುತ್ತ ಬಣ್ಣ ಏಳುತ್ತದೆ. ರೆಕ್ಕೆ ಜೋಡಿಸಿದ ಮೇಲೆ ಕೊರೆಯಲು ಪಿನ್ ವೈಸ್ ಒಳಗೆ ತೂರೋದೇ ಇಲ್ಲ.

ಎಲ್ಲೆಲ್ಲಿ ಅಂತ ಗೊತ್ತಾಗಲು ತಂತಿಗಳ ಕೆಲಸ ಗೊತ್ತಿರಬೇಕು. ಹಾರುವಾಗ ರೆಕ್ಕೆ ಮೇಲಕ್ಕೆ ಎಳೆಯುತ್ತದೆ. ಅದನ್ನು ಹಿಡಿದಿಡುವ ತಂತಿ ಮೈಯ ಬುಡದಿಂದ ಹೊರಟು ಹೊರಗಿನ ಕಂಬಗಳ ತಲೆಗೆ ಹೋಗುತ್ತದೆ. ಇದನ್ನು ಹಾರಾಟದ ತಂತಿ ಅನ್ನೋಣ. ನೆಲದ ಮೇಲೆ ನಿಂತಾಗ ರೆಕ್ಕೆ ತನ್ನ ಭಾರಕ್ಕೆ ಕೆಳಗೆ ಜಗ್ಗುತ್ತದೆ. ಅದಕ್ಕೆ ಆಸರೆಯಾಗುವ ತಂತಿ ಮೇಲಿನ ರೆಕ್ಕೆಯ ನಡುಭಾಗದಿಂದ ಹೊರಕಂಬಗಳ ಕಾಲಿಗೆ ಇಳಿಯುತ್ತದೆ. ಅದು ಇಳಿತದ ತಂತಿ. ಮುಂದಿನಿಂದ ನೋಡಿದರೆ ಎರಡೂ ಸೇರಿ ಕತ್ತರಿ ಆಕಾರ ಕಾಣಬೇಕು. ಹಾಗೆ ಕಾಣದಿದ್ದರೆ ಯಾವುದೋ ತುದಿ ತಪ್ಪು ಜಾಗದಲ್ಲಿದೆ.

ಇದಲ್ಲದೆ ಬಾಲದ ಕಡೆ ಮೈಯೊಳಗಿಂದ ಹೊರಬರುವ ನಿಯಂತ್ರಣದ ತಂತಿಗಳಿವೆ. ಒಟ್ಟು ಎಷ್ಟು ಎಳೆ ಅಂತ ನೀವು ಆರಿಸಿದ ವಿಮಾನದ ಫೋಟೋ ಇಟ್ಟುಕೊಂಡು ಎಣಿಸಿ, ಒಂದು ಹಾಳೆಯಲ್ಲಿ ಗೆರೆ ಎಳೆದು ನಂಬರ್ ಹಾಕಿ. ಹತ್ತು ನಿಮಿಷದ ಕೆಲಸ, ಆಮೇಲೆ ಇಡೀ ಸಂಜೆ ಉಳಿಸುತ್ತದೆ.

ಕೊರೆಯುವ ಮುಂಚೆ ಸೂಜಿಯಿಂದ ಒಂದು ಚುಕ್ಕಿ ಒತ್ತಿ, ಇಲ್ಲದಿದ್ದರೆ ಕಡ್ಡಿ ಜಾರುತ್ತದೆ. ಆಳ ಅರ್ಧದಿಂದ ಒಂದು ಮಿ.ಮೀ. ಸಾಕು. ಡ್ರಿಲ್ ಕಡ್ಡಿಗೆ ಆ ಆಳದಲ್ಲಿ ಟೇಪಿನ ಪುಟ್ಟ ಬಾವುಟ ಅಂಟಿಸಿ. ಬಾವುಟ ರೆಕ್ಕೆಗೆ ಮುಟ್ಟಿದ ಕೂಡಲೇ ನಿಲ್ಲಿಸಿ. ತಂತಿ ಯಾವ ದಿಕ್ಕಿಗೆ ಹೋಗುತ್ತದೋ ಅದೇ ಓರೆಗೆ ಕೊರೆಯಿರಿ. ನೆಟ್ಟಗೆ ಕೊರೆದ ತೂತಿನಿಂದ ಹೊರಟ ತಂತಿ ಬುಡದಲ್ಲಿ ಸೊಂಟ ಮುರಿದಂತೆ ಕಾಣುತ್ತದೆ.

ಮೇಲಿನ ರೆಕ್ಕೆಯ ಮುಂಚೂಣಿಯ ಹೊರಭಾಗದಲ್ಲಿ ಒಂದು ಸಣ್ಣ ಗೆರೆ ಕಾಣುತ್ತದೆ, ಅಲ್ವಾ? ಅದು ಜೋಡಣೆಯ ಬಿರುಕಲ್ಲ. ತಾನಾಗಿ ತೆರೆದುಕೊಳ್ಳುವ ಪಟ್ಟಿ, ಅಂದರೆ ಸ್ಲ್ಯಾಟ್‌ನ ಗೆರೆ. ಪುಟ್ಟಿ ತುಂಬಿ ಉಜ್ಜಿದವರು ಇದ್ದಾರೆ. ಹಾಗೇ ಏಲರಾನ್ (ವಿಮಾನವನ್ನು ಎಡಕ್ಕೆ ಬಲಕ್ಕೆ ವಾಲಿಸುವ, ರೆಕ್ಕೆಯ ಹಿಂಬದಿಯ ಪಟ್ಟಿ) ಇರುವುದು ಕೆಳಗಿನ ರೆಕ್ಕೆಗೆ ಮಾತ್ರ. ಮೇಲಿನದರಲ್ಲಿ ಅದರ ಗೆರೆ ಕಾಣಲಿಲ್ಲ ಅಂತ ಹೊಸದಾಗಿ ಕೆತ್ತಲು ಹೋಗಬೇಡಿ.

3. ಕಾಕ್‌ಪಿಟ್ ಮತ್ತು ಮೈ

ಇಲ್ಲಿ ಬೇಗ ದಾಟೋಣ, ಹಾಳೆ ನೋಡಿ ಮಾಡಿದರೆ ಸಾಕು. ಒಳಗೆ ಬ್ರಿಟಿಷ್ ಕಾಕ್‌ಪಿಟ್ ಹಸಿರು, ಹಂಬ್ರಾಲ್ ಕಂಪನಿಯ 78 ನಂಬರಿನ ಬಣ್ಣ. ಸೀಟಿನ ಬೆಲ್ಟ್ ಇಲ್ಲದಿದ್ದರೆ ತೆಳು ಮಾಸ್ಕಿಂಗ್ ಟೇಪನ್ನು ಸಣ್ಣ ಪಟ್ಟಿ ಮಾಡಿ ಅಂಟಿಸಿ. ತೆರೆದ ಕಾಕ್‌ಪಿಟ್, ಬೆಲ್ಟ್ ಇಲ್ಲದಿದ್ದರೆ ಕಣ್ಣಿಗೆ ಹೊಡೆಯುತ್ತದೆ.

ಪೈಲಟ್ ಬೊಂಬೆ ಒಂದೇ ಕೂರಿಸುವುದಾದರೆ ಹಿಂದಿನ ಸೀಟಿಗೆ ಕೂರಿಸಿ. ಕಲಿಸುವವರು ಮುಂದೆ, ಕಲಿಯುವವರು ಹಿಂದೆ. ಒಬ್ಬರೇ ಹಾರಿಸುವಾಗಲೂ ಹಿಂದಿನಿಂದಲೇ. ಮುಂದೆ ಒಬ್ಬರನ್ನೇ ಕೂರಿಸಿ ಹಿಂದೆ ಖಾಲಿ ಬಿಟ್ಟ ಮಾಡೆಲ್‌ಗಳು ತುಂಬ ಕಣ್ಣಿಗೆ ಬೀಳುತ್ತವೆ.

ಮೈಯ ಎರಡು ಹೋಳು ಸೇರಿಸುವಾಗ ಮೂಗಿಗೆ ತೂಕ ಹಾಕಬೇಕಿಲ್ಲ. ಇದು ಬಾಲ ನೆಲಕ್ಕೆ ಊರಿ ನಿಲ್ಲುವ ವಿಮಾನ. ಸಿಮೆಂಟ್ ಬಿಟ್ಟು ಹೋಳುಗಳನ್ನು ಒತ್ತಿದಾಗ ಕರಗಿದ ಪ್ಲಾಸ್ಟಿಕ್ ಒಂದು ದಾರದಷ್ಟು ಮೇಲೆ ಉಕ್ಕಿ ಬಂದರೆ ಬೆಸುಗೆ ಸರಿಯಾಯಿತು ಅಂತ. ಅದನ್ನು ಆಗಲೇ ಒರೆಸಬೇಡಿ. ಒಂದು ದಿನ ಬಿಟ್ಟು ಉಜ್ಜಿ.

ಕೆಳಗಿನ ರೆಕ್ಕೆಯನ್ನೂ ಬಾಲದ ಅಡ್ಡರೆಕ್ಕೆಯನ್ನೂ ಈ ಹಂತದಲ್ಲೇ ಅಂಟಿಸಿ. ಕೆಳಗಿನ ರೆಕ್ಕೆಯ ತುದಿಗಳು ಮೇಲಿನ ರೆಕ್ಕೆಗಿಂತ ಸ್ವಲ್ಪ ಜಾಸ್ತಿ ಮೇಲಕ್ಕೆ ಎದ್ದಿರುತ್ತವೆ. ಎರಡು ರೆಕ್ಕೆಯೂ ಹಿಂದಕ್ಕೆ ಓರೆಯಾಗಿವೆ. ಇದು ನಿಜವಾದ ವಿಮಾನದ ಆಕಾರವೇ. ಪ್ಲಾಸ್ಟಿಕ್ ಬಾಗಿದೆ ಅಂದುಕೊಂಡು ಬಿಸಿನೀರಿನಲ್ಲಿ ಅದ್ದಿ ನೇರ ಮಾಡಲು ಹೋದರೆ ಮುಂದೆ ಕಂಬಗಳು ಯಾವುದೂ ಕೂರಲ್ಲ.

ಎಡ ಬಲ ಎರಡೂ ತುದಿ ಮೇಜಿನಿಂದ ಒಂದೇ ಎತ್ತರದಲ್ಲಿವೆಯಾ ನೋಡಿ. ಕೆಳಗೆ ಬೆಂಕಿಪೊಟ್ಟಣ, ಮಡಿಸಿದ ಕಾಗದ ಇಟ್ಟು ಹೊಂದಿಸಿ, ರಾತ್ರಿಯಿಡೀ ಬಿಡಿ. ಮೇಲಿನ ರೆಕ್ಕೆ ವಾಲಿದ ಎಷ್ಟೋ ಮಾಡೆಲ್‌ಗಳಲ್ಲಿ ನಿಜಕ್ಕೂ ವಾಲಿರೋದು ಕೆಳಗಿನದು.

4. ಬಣ್ಣ: ರೆಕ್ಕೆ ಬೇರೆ, ಮೈ ಬೇರೆ, ಕಂಬ ಬೇರೆ

ಈಗ ನಿಮ್ಮ ಮುಂದೆ ಕೆಳರೆಕ್ಕೆ ಸಮೇತ ಮೈ, ಬಿಡಿಯಾಗಿ ಮೇಲಿನ ರೆಕ್ಕೆ, ಸ್ಪ್ರೂನಲ್ಲೇ ಇರುವ ಕಂಬಗಳು ಇರಬೇಕು. ಮೂರನ್ನೂ ಬಿಡಿಬಿಡಿಯಾಗೇ ಬಣ್ಣ ಮಾಡಿ.

ಅಂಟು ಹಚ್ಚುವ ಜಾಗಕ್ಕೆ ಬಣ್ಣ ತಾಗಬಾರದು. ಕಂಬ ಕೂರುವ ಗುಳಿಗಳಿಗೆ ಮಾಸ್ಕಿಂಗ್ ಟೇಪಿನ ಚೂರು ಸುರುಳಿ ಮಾಡಿ ತುರುಕಿ. ಸಿಮೆಂಟ್ ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಬೆಸೆಯುತ್ತದೆ, ಬಣ್ಣಕ್ಕೆ ಬಣ್ಣವನ್ನಲ್ಲ. ಬಣ್ಣದ ಮೇಲೆ ನಿಲ್ಲಿಸಿದ ಕಂಬ ಒಂದು ವಾರ ನಿಂತು, ತಂತಿ ಎಳೆದ ದಿನ ಕಳಚಿ ಬರುತ್ತದೆ.

ಹೊಟ್ಟೆಯ ಹಳದಿ ಮೊದಲು, ಹಂಬ್ರಾಲ್ 24. ಹಳದಿಯಷ್ಟು ಹಠಮಾರಿ ಬಣ್ಣ ಬೇರೆ ಇಲ್ಲ. ಬೂದು ಪ್ರೈಮರ್ ಮೇಲೆ ಎಷ್ಟು ಸಲ ಹಚ್ಚಿದರೂ ಹಸಿರು ಮಿಶ್ರಿತ ಕೊಳಕು ಕಾಣುತ್ತದೆ. ಬಿಳಿ ಪ್ರೈಮರ್ ಹಾಕಿ, ಅದರ ಮೇಲೆ ಮೂರು ತೆಳು ಪದರ. ಮಕ್ಕಳ ಕೆನ್ನೆಗೆ ಪೌಡರ್ ಹಚ್ಚಿದ ಹಾಗೆ ಮೊದಲ ಪದರ ಅರೆಬರೆ ಕಾಣಲಿ, ಗಾಬರಿ ಬೇಡ.

ಹಳದಿ ಪೂರ್ತಿ ಒಣಗಿದ ಮೇಲೆ ಮಾಸ್ಕ್ ಮಾಡಿ ಮೇಲ್ಮೈಯ ಕಂದು, ಹಂಬ್ರಾಲ್ 29. ಅದರ ಮೇಲೆ ಹಸಿರು, ಹಂಬ್ರಾಲ್ 30. ಸ್ಟೇಷನರಿ ಅಂಗಡಿಯ ಸೆಲೋಟೇಪ್ ಬಳಸಿದರೆ ಬಣ್ಣವೂ ಕಿತ್ತು ಬರುತ್ತದೆ. ಮಾಸ್ಕಿಂಗ್ ಟೇಪನ್ನೇ ತನ್ನಿ, ಅಂಟಿಸುವ ಮುಂಚೆ ಅಂಗೈಗೆ ಎರಡು ಸಲ ಒತ್ತಿ ಅದರ ಅಂಟು ಸ್ವಲ್ಪ ಸಾಯಿಸಿ.

ಯುದ್ಧದ ಮೊದಲ ವರ್ಷಗಳ ವಿಮಾನವಾದರೆ ಒಂದು ಸೂಕ್ಷ್ಮ ಇದೆ. ಮೇಲಿನ ರೆಕ್ಕೆಯ ನೆರಳು ಬಿದ್ದು ಕೆಳಗಿನದು ಕಪ್ಪಾಗಿ ಕಾಣುತ್ತದೆಂದು, ಕೆಳಗಿನ ರೆಕ್ಕೆಯ ಮೇಲ್ಮೈಗೆ ಅದೇ ಕಂದು ಹಸಿರಿನ ತಿಳಿ ಛಾಯೆ ಹಚ್ಚುತ್ತಿದ್ದರು. ಹಾಳೆಯಲ್ಲಿ ಹಾಗೆ ತೋರಿಸಿದ್ದರೆ ಬಿಡಬೇಡಿ. ಮಾಡೆಲ್ ಮೇಲೂ ಆ ಉಪಾಯ ಕೆಲಸ ಮಾಡುತ್ತದೆ.

ಮೈ ಮತ್ತು ರೆಕ್ಕೆ ಬಟ್ಟೆ ಹೊದಿಸಿದವು. ಹಾಗಾಗಿ ಲೋಹದ ಫೈಟರ್ ವಿಮಾನದ ಹಾಗೆ ಗೆರೆಗೆರೆಗೂ ಕಪ್ಪು ವಾಷ್ (ನೀರಿನಷ್ಟು ತೆಳು ಮಾಡಿದ ಬಣ್ಣ) ಬಿಡಬೇಡಿ. ವಾಷ್ ಎಂಜಿನ್ ಮುಚ್ಚಳಕ್ಕೆ ಮಾತ್ರ, ಅದು ಲೋಹ. ಬಟ್ಟೆಯ ಮೇಲೆ ಪಕ್ಕೆಲುಬಿನ ಗೆರೆಗಳು ಎದ್ದು ಕಾಣುವಂತೆ ತೇಪೆ ನೆರಳು ಕೊಡುವ ಫ್ಯಾಶನ್ ಈಗ ಜಾಸ್ತಿ. ನನಗೆ ಅದು ಹಸಿದ ಹಸುವಿನ ಥರ ಕಾಣುತ್ತದೆ.

ಮಳೆಗಾಲದಲ್ಲಿ, ಅದರಲ್ಲೂ ಕರಾವಳಿಯಲ್ಲಿ ಇರುವವರಿಗೆ: ಗಾಳಿಯಲ್ಲಿ ತೇವ ತುಂಬಿದ ದಿನ ವಾರ್ನಿಷ್ ಸ್ಪ್ರೇ ಮಾಡಬೇಡಿ. ಹಾಲು ಚೆಲ್ಲಿದಂತೆ ಬಿಳುಪು ಮಸುಕು ಕೂರುತ್ತದೆ. ಕೂತೇಬಿಟ್ಟಿದ್ದರೆ ಉಜ್ಜಬೇಡಿ. ಒಣ ದಿನ ಕಾದು ಅದೇ ವಾರ್ನಿಷ್‌ನ ತೆಳು ಪದರ ಇನ್ನೊಮ್ಮೆ ಹಾಕಿ ನೋಡಿ, ಎಷ್ಟೋ ಸಲ ಮಸುಕು ಬಿಡುತ್ತದೆ.

5. ಡೀಕಾಲ್ ಈಗಲೇ

ಹೌದು, ವಿಮಾನ ಇನ್ನೂ ಎರಡು ತುಂಡಾಗಿರುವಾಗಲೇ. ಮೇಲಿನ ರೆಕ್ಕೆ ಕೂತ ಮೇಲೆ ಡೀಕಾಲ್ ಜಾರಿಸಿ ಹೊಂದಿಸಲು ಬೆರಳಿಗೆ ಜಾಗವೇ ಇರಲ್ಲ. ತಂತಿ ಕಟ್ಟಿದ ಮೇಲಂತೂ ಕೇಳಲೇಬೇಡಿ.

ಮ್ಯಾಟ್ ಬಣ್ಣದ ಮೇಲೆ ನೇರವಾಗಿ ಅಂಟಿಸಿದರೆ ಕೆಳಗೆ ಗಾಳಿ ಸಿಕ್ಕಿ ಬೆಳ್ಳಿಯಂತೆ ಮಿನುಗುತ್ತದೆ. ಮೊದಲು ಹೊಳಪಿನ ವಾರ್ನಿಷ್, ಆಮೇಲೆ ಡೀಕಾಲ್, ಕೊನೆಗೆ ಮ್ಯಾಟ್. ಡೀಕಾಲ್ ಒಣಗಿದ ಮೇಲೆ ನೀವು ಕೊರೆದ ತೂತು ಅದರಡಿ ಮುಚ್ಚಿಹೋಗಿದೆಯಾ ನೋಡಿ, ಮುಚ್ಚಿದ್ದರೆ ಸೂಜಿಮೊನೆಯಿಂದ ಚುಚ್ಚಿ ತೆರೆಯಿರಿ.

6. ಮೇಲಿನ ರೆಕ್ಕೆ

ಇದಕ್ಕೆ ಒಂದು ಪೂರ್ತಿ ಸಂಜೆ ಇಟ್ಟುಕೊಳ್ಳಿ. ಊಟ ಮುಗಿಸಿ, ಫೋನ್ ದೂರ ಇಟ್ಟು ಕೂತುಕೊಳ್ಳಿ.

ನನ್ನ ಮೊದಲ ಟೈಗರ್ ಮಾತ್‌ನಲ್ಲಿ ಮೇಲಿನ ರೆಕ್ಕೆಯ ನಡುವಿನ ಇಂಧನ ಟ್ಯಾಂಕ್ ಹೊರುವ ಒಳಕಂಬಗಳನ್ನು ಮೈಗೆ ಅಂಟಿಸಿ, "ಚೆನ್ನಾಗಿ ಗಟ್ಟಿಯಾಗಲಿ" ಅಂತ ರಾತ್ರಿಯಿಡೀ ಬಿಟ್ಟಿದ್ದೆ. ಬೆಳಿಗ್ಗೆ ಕಲ್ಲಿನ ಹಾಗೆ ಗಟ್ಟಿಯಾಗಿದ್ದವು, ಒಂದು ಕೂದಲೆಳೆ ಓರೆಯಾಗಿ. ಬುಡದಲ್ಲಿ ಕೂದಲೆಳೆಯಷ್ಟಿದ್ದ ಓರೆ ರೆಕ್ಕೆಯ ತುದಿಯಲ್ಲಿ ಎರಡು ಮಿ.ಮೀ. ಆಯಿತು. ಹೊರಕಂಬಗಳನ್ನು ಬಲವಂತವಾಗಿ ಸೇರಿಸಿದೆ. ಒಂದು ಬಿಲ್ಲಿನ ಹಾಗೆ ಬಾಗಿತು. ಇವತ್ತಿಗೂ ಆ ಮಾಡೆಲ್ ಕಪಾಟಿನಲ್ಲಿ ಗೋಡೆಗೆ ಆ ಕಡೆ ತಿರುಗಿಸಿ ಇಟ್ಟಿದೆ.

ಒಳಕಂಬಗಳು ಒಣಗುವಾಗ ರೆಕ್ಕೆಯೂ ಅದರ ಮೇಲೆ ಇರಬೇಕು. ರೆಕ್ಕೆಯೇ ಕಂಬಗಳಿಗೆ ಅಚ್ಚು. ಮಾಡುವ ರೀತಿ ಹೀಗೆ.

ಮೊದಲು ಎಲ್ಲವನ್ನೂ ಅಂಟಿಲ್ಲದೆ ಕೂರಿಸಿ ನೋಡಿ. ಕಂಬಗಳಿಗೆ ಎಡ ಬಲ, ಹಿಂದೆ ಮುಂದೆ ಅಂತ ಇದೆ. ಸ್ಪ್ರೂನಿಂದ ಬಿಡಿಸಿದ ಕೂಡಲೇ ಒಂದೊಂದಕ್ಕೂ ನಂಬರ್ ಬರೆದ ಟೇಪಿನ ಚೂರು ಹಚ್ಚಿ. ಅದಲುಬದಲಾದ ಕಂಬ ಗುಳಿಯಲ್ಲಿ ಕೂತ ಹಾಗೇ ಇರುತ್ತದೆ, ಆದರೆ ರೆಕ್ಕೆ ಕೂರಲ್ಲ.

ಮೇಲಿನ ರೆಕ್ಕೆಯನ್ನು ತಲೆಕೆಳಗಾಗಿ ಒಂದು ಮೆತ್ತನೆ ಸ್ಪಂಜಿನ ಹಾಳೆ ಮೇಲೆ ಮಲಗಿಸಿ. ಒಳಕಂಬಗಳನ್ನು ಮೈಗೆ ನಿಧಾನವಾಗಿ ಒಣಗುವ ಸಿಮೆಂಟಿನಿಂದ ಅಂಟಿಸಿ. ಐದು ಹತ್ತು ನಿಮಿಷಕ್ಕೆ ಅದು ಚೂಯಿಂಗ್ ಗಮ್ ಹದಕ್ಕೆ ಬರುತ್ತದೆ. ನಿಲ್ಲುತ್ತದೆ, ಆದರೆ ತಳ್ಳಿದರೆ ಸರಿಯುತ್ತದೆ. ಆ ಹದದಲ್ಲಿ ಮೈಯನ್ನು ಬೋರಲು ಹಾಕಿ ಕಂಬಗಳ ತಲೆಯನ್ನು ರೆಕ್ಕೆಯ ಗುಳಿಗಳಿಗೆ ಇಳಿಸಿ. ಒಂದೊಂದು ತಲೆಗೂ ತೆಳು ಸಿಮೆಂಟಿನ ಒಂದೇ ಚುಕ್ಕಿ. ಹೊರಕಂಬಗಳನ್ನು, ಒಂದು ಪಕ್ಕಕ್ಕೆ ಎರಡು, ಅಂಟಿಲ್ಲದೆ ಸುಮ್ನೆ ಸಿಕ್ಕಿಸಿ. ಅವುಗಳಿಂದ ಎರಡು ರೆಕ್ಕೆಗಳ ನಡುವಿನ ಅಂತರ ತಾನಾಗಿ ಹೊಂದುತ್ತದೆ. ಟೇಪಿನಿಂದ ಸಡಿಲವಾಗಿ ಕಟ್ಟಿ.

ಈಗ ಅಳತೆ. ಕಣ್ಣಳತೆ ನಂಬಬೇಡಿ.

ಡಿವೈಡರ್ ತೆಗೆದು ಎಡಗಡೆ ಹೊರಕಂಬದ ಪಕ್ಕ ಎರಡು ರೆಕ್ಕೆಗಳ ಅಂತರ ಹಿಡಿಯಿರಿ, ಅದನ್ನೇ ಬಲಗಡೆಗೆ ಇಟ್ಟು ನೋಡಿ. ಆಮೇಲೆ ಒಂದು ದಾರ ತೆಗೆದುಕೊಂಡು ಬಾಲದ ಕೊನೆಯ ತುದಿಯಿಂದ ಮೇಲಿನ ರೆಕ್ಕೆಯ ಎಡ ತುದಿಗೆ ಎಳೆದು ಗಂಟು ಹಾಕಿ. ಅದೇ ದಾರ ಬಲ ತುದಿಗೆ ಎಳೆಯಿರಿ. ಗಂಟು ಅದೇ ಜಾಗಕ್ಕೆ ಬಂದರೆ ರೆಕ್ಕೆ ತಿರುಚಿಲ್ಲ. ಅರ್ಧ ಮಿ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಈಗಲೇ ಮೆಲ್ಲಗೆ ತಳ್ಳಿ. ಕೊನೆಗೆ ಮೂಗಿನ ಮುಂದೆ ಕಣ್ಣಿಟ್ಟು, ಮೇಲಿನ ರೆಕ್ಕೆ ಮತ್ತು ಬಾಲದ ಅಡ್ಡರೆಕ್ಕೆ ಒಂದಕ್ಕೊಂದು ಸಮನಾಗಿ ಕಾಣುತ್ತವೆಯಾ ನೋಡಿ.

ಸರಿ ಅನಿಸಿದ ಮೇಲೆ ಮುಟ್ಟದೆ ಮರುದಿನದವರೆಗೆ ಬಿಡಿ. ಮರುದಿನ ಹೊರಕಂಬಗಳ ಬುಡಕ್ಕೂ ತಲೆಗೂ ಬ್ರಷ್ ತುದಿಯಲ್ಲಿ ತೆಳು ಸಿಮೆಂಟ್ ಮುಟ್ಟಿಸಿ. ತಾನಾಗಿ ಒಳಗೆ ಹೀರಿಕೊಳ್ಳುತ್ತದೆ.

ಇಲ್ಲಿ ಎಚ್ಚರಿಕೆ ಗಂಟೆ ಒಂದೇ. ಯಾವುದೇ ಕಂಬವನ್ನು ಸೇರಿಸಲು ಜೋರು ಮಾಡಬೇಕಾಗಿ ಬಂದರೆ ನಿಲ್ಲಿಸಿ. ಗುಳಿಯಲ್ಲಿ ಬಣ್ಣ ತುಂಬಿದೆ, ಇಲ್ಲವೇ ಕಂಬ ಅದಲುಬದಲಾಗಿದೆ, ಇಲ್ಲವೇ ಕೆಳರೆಕ್ಕೆ ವಾಲಿದೆ. ಈ ಮೂರರಲ್ಲಿ ಒಂದು. ಜೋರು ಮಾಡಿ ಕೂರಿಸಿದ ಕಂಬ ಸ್ಪ್ರಿಂಗಿನ ಹಾಗೆ ಒಳಗೊಳಗೇ ಒತ್ತುತ್ತಿರುತ್ತದೆ. ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಟಪ್ ಅಂತ ಕಳಚುತ್ತದೆ.

ರೆಕ್ಕೆ ಗಟ್ಟಿಯಾದ ಮೇಲೆ, ತಂತಿಗೆ ಮುಂಚೆ, ಚಕ್ರದ ಕಾಲುಗಳನ್ನು ಅಂಟಿಸಿ. ಹಾರಾಟದ ತಂತಿಗಳ ಬುಡ ಅದರ ಹತ್ತಿರವೇ ಬರುತ್ತದೆ. ಆಮೇಲೆ ಅಂಟಿಸಲು ಹೋದರೆ ಬೆರಳು ತಂತಿಗೆ ತಾಗುತ್ತದೆ.

7. ತಂತಿ

ನಿಜವಾದ ವಿಮಾನದ ರೆಕ್ಕೆ ತಂತಿಗಳು ದುಂಡಗಿರಲಿಲ್ಲ. ಗಾಳಿ ಸೀಳಲು ಚಪ್ಪಟೆಯಾಗಿದ್ದವು. ಆದ್ದರಿಂದ ಚಪ್ಪಟೆ ಲೈಕ್ರಾ ಎಳೆ ಇದ್ದುದರಲ್ಲಿ ಹತ್ತಿರ. ಬಣ್ಣ ಗಾಢ ಬೂದು ಇರಲಿ, ಅಚ್ಚ ಕಪ್ಪು ಬೇಡ. ಕಪ್ಪು ಎಳೆ 1/72ರಲ್ಲಿ ಪೆನ್ನಿನಿಂದ ಗೀಚಿದಂತೆ ಕಾಣುತ್ತದೆ.

ಒಳಗಿನಿಂದ ಹೊರಕ್ಕೆ ಬನ್ನಿ. ಟ್ಯಾಂಕಿನ ಕೆಳಗೆ ತಂತಿ ಏನಾದರೂ ಇದ್ದರೆ ಅದು ಮೊದಲು, ಆಮೇಲೆ ಇಳಿತದ ತಂತಿ, ಆಮೇಲೆ ಹಾರಾಟದ ತಂತಿ, ಕೊನೆಗೆ ಬಾಲದವು. ಹೊರಗಿನದು ಮೊದಲು ಕಟ್ಟಿದರೆ ಒಳಗಿನದಕ್ಕೆ ಚಿಮಟ ಹೋಗಲ್ಲ.

ಒಂದು ಎಳೆಯನ್ನು ಹತ್ತಿರದಿಂದ ನೋಡೋಣ. ಬೇಕಾದ ಉದ್ದಕ್ಕಿಂತ ಒಂದು ಬೆರಳು ಜಾಸ್ತಿ ಕತ್ತರಿಸಿ. ಸೂಪರ್ ಗ್ಲೂವನ್ನು ಬಾಟಲಿಯಿಂದ ನೇರ ಬಿಡಬೇಡಿ. ಒಂದು ಹಳೇ ಪ್ಲಾಸ್ಟಿಕ್ ಮುಚ್ಚಳದಲ್ಲಿ ಒಂದು ಹನಿ ಹಾಕಿಟ್ಟು, ಎಳೆಯ ತುದಿ ಮಾತ್ರ ಅದಕ್ಕೆ ಮುಟ್ಟಿಸಿ. ಸಾಸಿವೆ ಕಾಳಿನ ಹತ್ತನೇ ಒಂದು ಭಾಗದಷ್ಟು ಅಂಟು ಹತ್ತಿದರೆ ಸಾಕು. ಮೊದಲ ತೂತಿಗೆ ಇಳಿಸಿ, ಉಸಿರು ಬಿಗಿಹಿಡಿದು ಹತ್ತರವರೆಗೆ ಎಣಿಸಿ. ಮೆಲ್ಲಗೆ ಜಗ್ಗಿ ನೋಡಿ. ಹಿಡಿದಿದ್ದರೆ ಇನ್ನೊಂದು ಕಡೆಗೆ ಎಳೆಯಿರಿ. ಎಳೆ ನೇರವಾದ ಮೇಲೆ ಇನ್ನೊಂಚೂರು, ಹತ್ತಕ್ಕೆ ಒಂದು ಭಾಗದಷ್ಟು ಹಿಗ್ಗಿಸಿ. ಎರಡನೇ ತೂತಿನ ಅಂಚಿಗೆ ಎಷ್ಟು ಬರುತ್ತದೋ ಅಲ್ಲಿ ಕತ್ತರಿಸಿ, ತುದಿಗೆ ಅಂಟು ಮುಟ್ಟಿಸಿ, ಚಿಮಟದಿಂದ ಒಳಗೆ ತಳ್ಳಿ.

ಜಾಸ್ತಿ ಹಿಗ್ಗಿಸಿದರೆ ಜಾಸ್ತಿ ಬಿಗಿ ಅಂದುಕೊಳ್ಳಬೇಡಿ. ಇಪ್ಪತ್ತು ಎಳೆ ಸೇರಿ ಎಳೆದರೆ ಕಂಬದ ಬೆಸುಗೆಯನ್ನೇ ಪರೀಕ್ಷೆ ಮಾಡುತ್ತವೆ. ಎಡಗಡೆ ಒಂದು, ಬಲಗಡೆ ಒಂದು ಹೀಗೆ ಜೊತೆಜೊತೆಯಾಗಿ ಕಟ್ಟುತ್ತಾ ಬನ್ನಿ. ಎಳೆ ಅಲ್ಲಲ್ಲಿ ತಿರುಚಿ ಒಮ್ಮೆ ದಪ್ಪ ಒಮ್ಮೆ ಸಣ್ಣ ಕಂಡರೆ ಅಂಟುವ ಮುಂಚೆ ಚಿಮಟದಲ್ಲೇ ತಿರುಗಿಸಿ ನೇರ ಮಾಡಿ.

ಎಲಾಸ್ಟಿಕ್ ಎಳೆ ಸಿಗದವರಿಗೆ ಕಾಸಿಲ್ಲದ ದಾರಿಯೂ ಇದೆ. ಭಾಗ ಬಿಡಿಸಿಕೊಂಡ ಮೇಲೆ ಉಳಿದ ಸ್ಪ್ರೂ ಕಡ್ಡಿಯನ್ನು ಮೇಣದಬತ್ತಿಯ ಉರಿಯ ಮೇಲೆ, ಉರಿಗೆ ತಾಗದಂತೆ, ತಿರುಗಿಸುತ್ತಾ ಕಾಯಿಸಿ. ನಡುವೆ ಮೆತ್ತಗಾಗಿ ಬಳುಕಿದ ಕೂಡಲೇ ಉರಿಯಿಂದ ಆಚೆ ತೆಗೆದು ಎರಡೂ ಕಡೆ ಒಂದೇ ವೇಗದಲ್ಲಿ ಎಳೆಯಿರಿ. ಜೇಡರ ಎಳೆಯಂಥ ಪ್ಲಾಸ್ಟಿಕ್ ದಾರ ಬರುತ್ತದೆ. ಉರಿಯಲ್ಲೇ ಎಳೆದರೆ ತುಂಡಾಗುತ್ತದೆ, ಹತ್ತಿರ ಹಿಡಿದರೆ ಹತ್ತಿ ಉರಿಯುತ್ತದೆ. ಕಿಟಕಿ ತೆಗೆದಿಟ್ಟು ಮಾಡಿ, ಪಕ್ಕದಲ್ಲಿ ನೀರಿರಲಿ. ಡಿವೈಡರಿನಿಂದ ಉದ್ದ ಅಳೆದು, ಕತ್ತರಿಸಿ, ಎರಡೂ ತುದಿಗೆ ಫೆವಿಕಾಲ್ ಮುಟ್ಟಿಸಿ ಕೂರಿಸಿ.

ಸ್ವಲ್ಪ ಜೋಲು ಬಿದ್ದರೆ ಊದುಬತ್ತಿ ಹಚ್ಚಿ. ಅದರ ಕೆಂಡವನ್ನು ಎಳೆಗೆ ತಾಗಿಸದೆ ಕೆಳಗಿನಿಂದ ಹತ್ತಿರ ತನ್ನಿ. ನೋಡ್ತಾ ನೋಡ್ತಾ ಎಳೆ ಬಿಗಿದುಕೊಳ್ಳುತ್ತದೆ. ಒಂದು ಕ್ಷಣ ಜಾಸ್ತಿಯಾದರೆ ತುಂಡು. ಮೊದಲು ಎರಡು ಬಾಟಲಿಗಳ ನಡುವೆ ಎಳೆ ಕಟ್ಟಿ ಐದಾರು ಸಲ ಅಭ್ಯಾಸ ಮಾಡಿ. ಲೈಕ್ರಾ ಎಳೆಗೆ ಮಾತ್ರ ಈ ಪ್ರಯೋಗ ಬೇಡ.

ಸೂಪರ್ ಗ್ಲೂ ಜಾಸ್ತಿಯಾದರೆ ಸುತ್ತ ಬಿಳಿ ಬೂಷ್ಟಿನಂತೆ ಮಸುಕು ಬರುತ್ತದೆ. ಕೊನೆಯ ಮ್ಯಾಟ್ ವಾರ್ನಿಷನ್ನು ಸಣ್ಣ ಬ್ರಷ್‌ನಲ್ಲಿ ಆ ಚುಕ್ಕಿಗೆ ಮುಟ್ಟಿಸಿದರೆ ಬಹುತೇಕ ಮರೆಯಾಗುತ್ತದೆ.

8. ಮುರಿಯುವಂಥದ್ದೆಲ್ಲ ಕೊನೆಗೆ

ಎರಡು ಪುಟ್ಟ ಗಾಳಿತಡೆ ಗಾಜುಗಳಿಗೆ ಫೆವಿಕಾಲ್ ಮಾತ್ರ. ಸೂಪರ್ ಗ್ಲೂವಿನ ಆವಿಗೆ ಗಾಜು ಮಂಜಾಗುತ್ತದೆ. ಎಡಗಡೆ ಮುಂದಿನ ಹೊರಕಂಬಕ್ಕೆ ಪಿಟೋಟ್ ಕೊಳವೆ, ಟ್ಯಾಂಕಿನ ತಲೆ ಮೇಲೆ ಇಂಧನ ತೋರಿಸುವ ಪುಟ್ಟ ಗಾಜಿನ ಕೊಳವೆ. ಪ್ರೊಪೆಲ್ಲರ್ ಮರದ್ದು. ತಿಳಿ ಕಂದು ಹಚ್ಚಿ ಒಣಗಿದ ಮೇಲೆ, ಅರೆ ಒಣ ಬ್ರಷ್‌ನಿಂದ ಗಾಢ ಕಂದು ಉದ್ದಕ್ಕೆ ಎಳೆದರೆ ಮರದ ಎಳೆ ಕಾಣುತ್ತದೆ.

ಧೂಳು ಒರೆಸಲು ಬಟ್ಟೆ ಹಾಕಬೇಡಿ, ಮೊದಲ ಸಲಕ್ಕೇ ಎರಡು ತಂತಿ ಹೋಗುತ್ತದೆ. ಮೆತ್ತನೆ ಮೇಕಪ್ ಬ್ರಷ್ ಸಾಕು. ಎತ್ತುವಾಗ ರೆಕ್ಕೆಗೆ ಕೈ ಹಾಕದೆ ಎಂಜಿನ್ ಮುಚ್ಚಳವನ್ನೂ ಬಾಲದ ಮುಂದಿನ ಮೈಯನ್ನೂ 2 ಬೆರಳಲ್ಲಿ ಹಿಡಿಯಿರಿ. ಮನೆಗೆ ಬಂದ ನೆಂಟರ ಮಕ್ಕಳಿಗೆ ಇದನ್ನು ವಿವರಿಸಿ ಪ್ರಯೋಜನ ಇಲ್ಲ, ಮೇಲಿನ ಕಪಾಟಿನಲ್ಲಿಡಿ. ಉಳಿದ ಲೈಕ್ರಾ ಎಳೆಯನ್ನು ಒಂದು ಚೀಟಿಗೆ ಸುತ್ತಿ ಅದೇ ಕಪಾಟಿನಲ್ಲಿ ಇಟ್ಟಿರಿ.